ಮನೆಯಲ್ಲಿ ಏನೂ ಇಲ್ಲ ಎಂದ ಡೆಲ್ಫಿ

ಡೆಲ್ಫಿಯಾ ನೇಪಿಯರ್ ಎಂಬ ಪೂರ್ತಿ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಸ್ಲೇಟ್‌ಲಿಕ್ ಕಣಿವೆಯಲ್ಲಿ ಎಲ್ಲರಿಗೂ ಅವಳು ಡೆಲ್ಫಿ. ಒಂಬತ್ತನೆಯ ತರಗತಿಯಲ್ಲಿದ್ದಾಗ ತಾಯಿ ಹಾಸಿಗೆ ಹಿಡಿದಳೆಂದು ಶಾಲೆ ಬಿಟ್ಟಳು. ಆರು ವರ್ಷ ಕಳೆದ ಮೇಲೆ ಅದೇ ಶಾಲೆಗೆ ಹಿಂದಿನ ಬಾಗಿಲಿನಿಂದ, ಅಡುಗೆಯವಳಾಗಿ ಹೋದಳು. ಅದಾಗಿ ಹನ್ನೊಂದು ವರ್ಷವಾಯಿತು. ದಿನವೂ ಇನ್ನೂರ ಹತ್ತು ಮಕ್ಕಳ ತಟ್ಟೆಗೆ ಅವಳ ಕೈಯಿಂದ ಊಟ ಬೀಳುತ್ತದೆ. ಇಷ್ಟು ಕಾಲದಲ್ಲಿ ಒಂದು ದಿನವಾದರೂ ಅವಳು ತನ್ನ ಅಡುಗೆ ಚೆನ್ನಾಗಿದೆ ಎಂದು ಹೇಳಿದ್ದನ್ನು ಯಾರೂ ಕೇಳಿಲ್ಲ.

ಹಾಗೆ ಹೇಳಿಕೊಳ್ಳುವುದು ಆ ಕಣಿವೆಯಲ್ಲಿ ಮರ್ಯಾದೆಯಲ್ಲ. ಮನೆಗೆ ಯಾರೇ ಬರಲಿ, ಮೊದಲು ಮನೆಯನ್ನು ಬೈಯಬೇಕು, ಆಮೇಲೆ ಅಡುಗೆಯನ್ನು ಬೈಯಬೇಕು, ಕೊನೆಗೆ ಮಕ್ಕಳನ್ನು ಬೈಯಬೇಕು. ಅದೆಲ್ಲ ಆದ ಮೇಲೆ ಬಂದವರನ್ನು ಕೂರಿಸಿ ಮೇಜಿನ ಮೇಲೆ ಜಾಗವಿಲ್ಲದಷ್ಟು ಇಟ್ಟು ಬಡಿಸಬೇಕು. ಬಂದವರು “ಇದೆಲ್ಲ ಯಾಕೆ” ಎನ್ನುತ್ತ ಎರಡು ಸಲ ಹಾಕಿಸಿಕೊಳ್ಳಬೇಕು. ಹುಟ್ಟಿದಾಗಿನಿಂದ ಡೆಲ್ಫಿ ನೋಡಿದ್ದು ಇದನ್ನೇ.

ಅಕ್ಟೋಬರಿನ ಒಂದು ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಕೆಂಡ್ರಾ ವಿಟ್ ಎಂಬ ಹುಡುಗಿ ಬಂದು ಬಾಗಿಲು ತಟ್ಟಿದಾಗಲೂ ಡೆಲ್ಫಿ ಇದನ್ನೇ ಮಾಡಿದಳು. ಕೆಂಡ್ರಾಳಿಗೆ ಇಪ್ಪತ್ತಾರು ವರ್ಷವಿರಬಹುದು. ದೊಡ್ಡ ಪಟ್ಟಣವಾದ ಲೆಕ್ಸಿಂಗ್ಟನ್ ಕಡೆಯವಳು, ಬೆಟ್ಟಗಳಿಗೆ ಬಂದು ನಾಲ್ಕು ತಿಂಗಳಾಗಿತ್ತು. ಕತ್ತಿನಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಒಂದು ಕಡತ.

“ಮಕ್ಕಳ ರಕ್ಷಣಾ ಇಲಾಖೆಯಿಂದ ಬಂದಿದೀನಿ. ನಿಮ್ಮ ಮನೆ ಬಗ್ಗೆ ಒಂದು ದೂರು ಬಂದಿದೆ. ಹನ್ನೊಂದು ದಿನದಿಂದ ಮನೇಲಿ ನೀರಿಲ್ಲ, ಮಕ್ಕಳು ಹಳ್ಳದಲ್ಲಿ ಕೈಕಾಲು ತೊಳೀತಾರೆ ಅಂತ. ಒಳಗೆ ಬರಬಹುದಾ?”

ನೀರಿಲ್ಲದಿದ್ದದ್ದು ನಿಜ. ದೊಡ್ಡ ಕೊಳವೆ ಒಡೆದು ಇಡೀ ಕಣಿವೆಯ ಹದಿನಾಲ್ಕು ಮನೆಗೂ ನೀರು ನಿಂತಿತ್ತು. ಡೆಲ್ಫಿ ಬಂಡೆಯ ಸಂದಿನ ಒರತೆಯಿಂದ ದಿನವೂ ಎಂಟು ಕ್ಯಾನು ಹೊತ್ತು ತರುತ್ತಿದ್ದಳು. ಅವಳಿಗೆ ಹೆದರಿಕೆಯೇನೂ ಆಗಲಿಲ್ಲ. ಬಾಗಿಲು ಪೂರಾ ತೆರೆದಳು.

“ಬಾಮ್ಮ, ಬಾ. ಕಾಲಿಡಕ್ಕೆ ಜಾಗ ಇಲ್ಲ ನೋಡು. ಈ ಮನೆಗಿಂತ ಹಂದಿಗೂಡೇ ವಾಸಿ.”

ಆ ನೆಲವನ್ನು ಅವಳು ಅಂದು ಬೆಳಿಗ್ಗೆ ಒರತೆಯ ನೀರಿನಲ್ಲಿ ಮಂಡಿಯೂರಿ ಒರೆಸಿದ್ದಳು.

“ಮಕ್ಕಳು ಏನ್ ಊಟ ಮಾಡ್ತಾರೆ?” ಕೆಂಡ್ರಾ ಕೇಳಿದಳು.

“ಊಟವಾ? ಈ ಮನೇಲಿ ಏನೂ ಇಲ್ಲ ಕಣಮ್ಮ. ತಿನ್ನೋವಂಥದ್ದು ಒಂದೂ ಇಲ್ಲ. ಆದ್ರೂ ಕೂತ್ಕೊ, ಹಸ್ಕೊಂಡು ಹೋಗಬಾರದು.”

“ನಿಮ್ಮ ಮಾತು ಕೇಳ್ತಾರಾ?”

“ಇವಾ? ಕಾಡುಮೇಕೆಗಳು. ನನ್ನ ಕೈಗೆ ಎಲ್ಲಿ ಸಿಗ್ತವೆ!”

ಆ ಹೊತ್ತಿನಲ್ಲಿ ಕಾಡುಮೇಕೆಗಳೆರಡೂ ಸೌದೆ ಒಲೆಯ ಪಕ್ಕದ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದವು. ಜೂನಿಗೆ ಒಂಬತ್ತು, ತಮ್ಮ ಆರ್ವಿಲ್‌ಗೆ ನಾಲ್ಕು. ಅವರ ಅಪ್ಪ ಪಕ್ಕದ ರಾಜ್ಯ ಓಹಾಯೊಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಹಾಗಾಗಿ ಮನೆಯಲ್ಲಿ ಇದ್ದದ್ದು ಈ ಮೂವರೇ.

ಕೆಂಡ್ರಾ ಕೂತಳು. ಹಂದಿಮಾಂಸದ ಚೂರು ಹಾಕಿ ಬೇಯಿಸಿದ ಕಾಳು, ಬೀಡುಕಬ್ಬಿಣದ ಬಾಣಲೆಯಲ್ಲಿ ಸುಟ್ಟ ಜೋಳದ ಬ್ರೆಡ್ಡು, ಈರುಳ್ಳಿ ಹಾಕಿ ಹುರಿದ ಆಲೂಗಡ್ಡೆ, ಎಲೆಕೋಸಿನ ಉಪ್ಪಿನಕಾಯಿ, ಮಜ್ಜಿಗೆ, ಕೊನೆಗೆ ಒಣಸೇಬಿನ ಪದರು ಪದರಾದ ಕೇಕು. ಹುಡುಗಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ಕಾಣುತ್ತದೆ, ಚೆನ್ನಾಗಿಯೇ ತಿಂದಳು. ತಿನ್ನುತ್ತ ನಡುನಡುವೆ ಕಡತದಲ್ಲಿ ಬರೆದುಕೊಂಡಳು. ನೀರಿನ ವಿಷಯ ಬರೆಯುತ್ತಿದ್ದಾಳೆ ಎಂದುಕೊಂಡು ಡೆಲ್ಫಿ ಇನ್ನೊಂದು ತುಂಡು ಕೇಕು ಹಾಕಿದಳು.

ಹೊರಡುವ ಮುಂಚೆ ಕೆಂಡ್ರಾ ಒಂದು ಕಾಗದ ಮುಂದಿಟ್ಟಳು. “ನೀರು ಬರೋವರೆಗೂ ಮಕ್ಕಳು ಹತ್ತಿರದ ನೆಂಟರ ಮನೇಲಿದ್ರೆ ಒಳ್ಳೇದು. ನೀವೇ ಒಪ್ಕೊಂಡು ಮಾಡಿದ್ರೆ ವಿಷಯ ಮುಂದಕ್ಕೆ ಹೋಗಲ್ಲ.”

ಹಳ್ಳದ ಆಚೆ ದಡದಲ್ಲಿ ಡೆಲ್ಫಿಯ ಸೋದರತ್ತೆ ಲೋರೀನ್ ಇದ್ದಳು. ಅವಳ ಹಿತ್ತಲಲ್ಲಿ ಸ್ವಂತ ಬಾವಿಯಿತ್ತು. ಮಾತು ಸರಿಯಾಗಿಯೇ ಇದೆ ಎನ್ನಿಸಿ ಡೆಲ್ಫಿ ಸಹಿ ಹಾಕಿದಳು. ಗುಲಾಬಿ ಬಣ್ಣದ ಪ್ರತಿಯನ್ನು ಕೆಂಡ್ರಾ ಅವಳಿಗೆ ಕೊಟ್ಟಳು. ಅದರಲ್ಲಿ ಏನಿದೆಯೆಂದು ಡೆಲ್ಫಿ ಪೂರ್ತಿ ಓದಲಿಲ್ಲ. ಮನೆಗೆ ಬಂದವರ ಕೈಯಿಂದ ಕಾಗದ ಇಸಿದುಕೊಂಡು ಅವರ ಎದುರಿಗೇ ಸಾಲುಸಾಲು ಓದುವುದು ಅವರನ್ನು ನಂಬಲಿಲ್ಲ ಎಂದು ಹೇಳಿದಂತೆ.

ಶುಕ್ರವಾರ ನಲ್ಲಿಯಲ್ಲಿ ನೀರು ಬಂತು. ಡೆಲ್ಫಿ ಹಳ್ಳ ದಾಟಿ ಹೋಗಿ ಮಕ್ಕಳನ್ನು ಕರೆದುಕೊಂಡು ಬಂದಳು. ಲೋರೀನ್ ಒಂದು ಗಂಟು ಬಟ್ಟೆಯನ್ನೂ ಜೊತೆಗೆ ಕೊಟ್ಟು ಕಳಿಸಿದಳು.

ಸೋಮವಾರ ಕೆಂಡ್ರಾ ಶಾಲೆಯ ಅಡುಗೆಮನೆಗೇ ಬಂದಳು. ಜೊತೆಗೆ ಒಬ್ಬ ಪೋಲೀಸು.

“ನೀವು ಒಪ್ಪಂದ ಮುರಿದಿದೀರಿ.”

“ನೀರು ಬಂತಲ್ಲಮ್ಮ?”

“ಇಲಾಖೆ ಬರವಣಿಗೆಯಲ್ಲಿ ಹೇಳೋವರೆಗೂ ಅಂತ ಇದೆ. ನೀರು ಬರೋವರೆಗೂ ಅಂತಿಲ್ಲ. ಓದಿ ನೋಡಿ.”

ಡೆಲ್ಫಿ ಕೈಯೊರೆಸಿಕೊಂಡು ಓದಿದಳು. ಹಾಗೆಯೇ ಇತ್ತು. ಕೆಂಡ್ರಾ ಅವಳ ಕೈಗೆ ಇನ್ನೊಂದು ಕಟ್ಟು ಕಾಗದ ಕೊಟ್ಟಳು. ಇಲಾಖೆ ನ್ಯಾಯಾಲಯಕ್ಕೆ ಅರ್ಜಿ ಹಾಕಿತ್ತು. ಗುರುವಾರ ವಿಚಾರಣೆ. ಅಲ್ಲಿಯವರೆಗೆ ಮಕ್ಕಳು ಮತ್ತೆ ಲೋರೀನ್ ಮನೆಯಲ್ಲಿರಬೇಕು, ತಾಯಿ ಆ ಮನೆಯ ಹೊಸಿಲು ದಾಟುವಂತಿಲ್ಲ. ಒಮ್ಮೆ ಮಕ್ಕಳನ್ನು ವಾಪಸು ಕೊಟ್ಟ ಲೋರೀನಳನ್ನೂ ನಂಬುವಂತಿಲ್ಲ, ಆದ್ದರಿಂದ ಗುರುವಾರದಿಂದ ಇಬ್ಬರನ್ನೂ ಎರಡು ಜಿಲ್ಲೆ ಆಚೆಯ ಅಪರಿಚಿತರ ಮನೆಯಲ್ಲಿ ಇಡಬೇಕು ಎಂಬುದು ಇಲಾಖೆಯ ಕೋರಿಕೆ. ಅದೂ ಇಬ್ಬರನ್ನು ಬೇರೆ ಬೇರೆ ಮನೆಗಳಲ್ಲಿ.

ಅಂದು ಸಂಜೆ ಡೆಲ್ಫಿ ತನ್ನ ಜಗುಲಿಯ ಮೇಲೆ ನಿಂತಳು. ಹಳ್ಳದ ಆಚೆ ಲೋರೀನಳ ಜಗುಲಿಯ ಮೇಲೆ ಮಕ್ಕಳು ನಿಂತಿದ್ದರು. ನಡುವೆ ಕಲ್ಲೆಸೆದರೆ ತಲುಪುವಷ್ಟು ದೂರ. ಆರ್ವಿಲ್ ತನ್ನ ಒಂದು ಬೂಟು ಎತ್ತಿ ತೋರಿಸಿದ. ಲಾಡಿ ಕಟ್ಟಿರಲಿಲ್ಲ. ದಿನವೂ ಅವಳೇ ಕಟ್ಟುತ್ತಿದ್ದಳು.

“ಅಕ್ಕನ ಹತ್ರ ಕಟ್ಟಿಸ್ಕೊ!” ಡೆಲ್ಫಿ ಕೂಗಿದಳು.

“ಅಕ್ಕ ಸರಿಯಾಗಿ ಕಟ್ಟಲ್ಲ!”

ಡೆಲ್ಫಿ ಒಳಗೆ ಹೋಗಿ ಮುಖ ತೊಳೆದುಕೊಂಡಳು. ಅಳಲಿಲ್ಲ. ಮಾರನೆಯ ದಿನ ಕೆಲಸಕ್ಕೆ ರಜೆ ಹೇಳಿ ಕಲ್ಲಿದ್ದಲ ಲಾರಿಯೊಂದನ್ನು ಹತ್ತಿ ಪಟ್ಟಣಕ್ಕೆ ಹೋದಳು.

ನ್ಯಾಯಾಲಯದ ಕಿಟಕಿಯ ಹಿಂದೆ ಒಬ್ಬ ಗುಮಾಸ್ತೆ ಕೂತಿದ್ದಳು. “ನಿಂಗೆ ವಕೀಲರನ್ನ ಕೋರ್ಟೇ ಕೊಡುತ್ತೆ, ಚಿಂತೆ ಮಾಡ್ಬೇಡ” ಎಂದಳು.

“ಅವರನ್ನ ಯಾವಾಗ ಮಾತಾಡ್ಸೋದು?”

“ಗುರುವಾರ. ಒಳಗೆ ಕರೆಯೋ ಮುಂಚೆ, ಹೊರಗೆ ಕಾರಿಡಾರಿನಲ್ಲಿ.”

“ಎಷ್ಟು ಹೊತ್ತು?”

“ಐದು ನಿಮಿಷ ಸಿಗಬಹುದು.”

“ನಮ್ಮೂರಲ್ಲಿ ಹಂದಿ ಮಾರೋವಾಗ್ಲೂ ಇದಕ್ಕಿಂತ ಜಾಸ್ತಿ ಹೊತ್ತು ಮಾತಾಡ್ತೀವಿ” ಎಂದಳು ಡೆಲ್ಫಿ. “ಇವು ನನ್ನ ಮಕ್ಕಳು.”

ಗುಮಾಸ್ತೆ ಆಚೀಚೆ ನೋಡಿ ಪೆನ್ನಿನಿಂದ ರಸ್ತೆಯ ಆಚೆ ತೋರಿಸಿದಳು. “ಆ ಹಳೇ ಬೂಟಿನ ಅಂಗಡಿ ಕಾಣ್ತಾ? ಈಗ ಅದು ಬಡವರಿಗೆ ಬಿಟ್ಟಿ ವಕೀಲರ ಆಫೀಸು. ಇಮೋಜೀನ್ ಟ್ಯಾಕೆಟ್ ಅಂತ ಕೇಳು. ನಾನು ಹೇಳ್ದೆ ಅನ್ಬೇಡ.”

ಬೂಟಿನ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಒಳಗೆ ಬೂಟು ಹಾಕಿ ನೋಡುವ ಉದ್ದನೆಯ ಬೆಂಚು, ಪಾದ ಅಳೆಯುವ ಕಬ್ಬಿಣದ ಪಟ್ಟಿ ಹಾಗೆಯೇ ಇದ್ದವು. ಮುಂದಿನ ಮೇಜಿನ ಹುಡುಗಿ ಡೈರಿ ತಿರುವಿ, ಮೂರು ವಾರದ ಮೇಲೆ ಬನ್ನಿ ಎಂದಳು.

“ಮೂರು ವಾರಕ್ಕೆ ನನ್ನ ಮಗನಿಗೆ ನನ್ನ ಮುಖ ಮರೆತಿರತ್ತೆ. ಇಲ್ಲೇ ಕೂತಿರ್ತೀನಿ.”

“ಕೂತ್ರೂ ಸಿಗಲ್ಲ.”

“ಕೂರಕ್ಕೇ ಅಲ್ವಾ ಬೆಂಚು ಇರೋದು?”

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಡೆಲ್ಫಿ ಕೂತಳು. ತನ್ನ ಜೊತೆ ತಂದಿದ್ದ ಬ್ರೆಡ್ಡನ್ನು ಮೇಜಿನ ಹುಡುಗಿಗೂ ಅರ್ಧ ಕೊಟ್ಟಳು. ನಾಲ್ಕು ಗಂಟೆಗೆ ಒಳಗಿನ ಕೋಣೆಯಿಂದ ಅರವತ್ತು ದಾಟಿದ ಹೆಂಗಸೊಬ್ಬಳು ಬೀಗದ ಕೈ ಹಿಡಿದು ಬಂದಳು. ಬಿಳಿಯ ಜಡೆ, ಕಾಲಿನಲ್ಲಿ ಗಂಡಸರ ಬೂಟು.

“ಇನ್ನೂ ಇದೀಯಾ ನೀನು?”

“ಗುರುವಾರದವರೆಗೂ ಇರ್ತೀನಿ ಅಮ್ಮಾವ್ರೇ.”

ಇಮೋಜೀನ್ ನಿಟ್ಟುಸಿರು ಬಿಟ್ಟು ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು ಕೈಚಾಚಿದಳು. “ಕೊಡು, ಆ ಕಾಗದ ನೋಡೋಣ.”

ಅವಳು ಗಟ್ಟಿಯಾಗಿ ಓದತೊಡಗಿದಳು. “‘ಮನೆಯಲ್ಲಿ ಆಹಾರವಿಲ್ಲವೆಂದು ತಾಯಿ ಸ್ವತಃ ಹೇಳಿದ್ದಾಳೆ. ಮನೆ ಹಂದಿಗೂಡಿಗಿಂತ ಕೀಳಾಗಿದೆಯೆಂದು ತಾಯಿ ಒಪ್ಪಿಕೊಂಡಿದ್ದಾಳೆ. ಮಕ್ಕಳು ತನ್ನ ಹತೋಟಿಯಲ್ಲಿಲ್ಲವೆಂದು ತಾಯಿ ತಿಳಿಸಿದ್ದಾಳೆ.’ ನೀನು ಹೀಗೆ ಹೇಳ್ದೆಯಾ?”

“ಹೇಳ್ದೆ.”

“ಯಾಕೆ?”

“ಯಾಕೆ ಅಂದ್ರೆ? ಮನೆಗೆ ಬಂದಿದ್ಲಲ್ಲಾ. ಬಂದವರಿಗೆ ಇನ್ನೇನು ಹೇಳ್ತಾರೆ?”

ಇಮೋಜೀನ್ ಕಾಗದ ಕೆಳಗಿಟ್ಟಳು. ಅವಳ ಭುಜ ಅಲುಗಿತು. ಮೊದಲು ಕೆಮ್ಮು ಎಂದುಕೊಂಡಳು ಡೆಲ್ಫಿ, ಆದರೆ ಅದು ನಗು. “ನಮ್ಮಮ್ಮ ಪಾದ್ರಿಗಳಿಗೇ ಹೇಳ್ತಿದ್ಲು, ಈ ಕೋಳಿ ನಾಯಿಗೂ ಹಾಕೋ ಹಂಗಿಲ್ಲ, ತಿನ್ನಿ ಅಂತ. ಅವರು ಮೂರು ತುಂಡು ತಿಂದ್ರು.” ನಗು ನಿಲ್ಲಿಸಿ ಕಣ್ಣೊರೆಸಿಕೊಂಡಳು. “ಆದ್ರೆ ಅವರ ಕೈಲಿ ಪೆನ್ನು ಇರ್ಲಿಲ್ಲ. ಕೇಳಿಲ್ಲಿ. ಇದು ನಗೋ ವಿಷಯ ಅಲ್ಲ. ಇಷ್ಟೇ ಸಾಕು, ಮಕ್ಕಳನ್ನ ತಗೊಂಡು ಹೋಗಕ್ಕೆ.”

“ಅವಳು ಹೊಟ್ಟೆ ತುಂಬ ತಿಂದ್ಲು ಅಮ್ಮಾವ್ರೇ.”

“ಏನೇನು ತಿಂದ್ಲು?”

ಡೆಲ್ಫಿ ಹೇಳಿದಳು. ಇಮೋಜೀನ್ ಬರೆದುಕೊಂಡಳು, ಕೇಕಿನ ಎರಡನೆಯ ತುಂಡನ್ನೂ ಸೇರಿಸಿ. ಆಮೇಲೆ ಹುಡುಗಿಯನ್ನು ಕರೆದು ಬುಧವಾರದ ಎರಡು ಭೇಟಿಗಳನ್ನು ಮುಂದಕ್ಕೆ ಹಾಕಿಸಿದಳು.

“ಇವತ್ತಿಂದ ಮೂರು ಮಾತು ನೆನಪಿಟ್ಕೊ. ನಾನಿಲ್ದೆ ಅವರ ಹತ್ರ ಒಂದು ಮಾತೂ ಆಡ್ಬೇಡ. ನಾನು ಓದ್ದೆ ಯಾವ ಕಾಗದಕ್ಕೂ ಸಹಿ ಹಾಕ್ಬೇಡ. ಬಾಗಿಲು ತೆಗೀಲೇಬೇಕು ಅಂತಿಲ್ಲ, ಕೋರ್ಟಿನ ಆರ್ಡರು ಇದ್ರೆ ಮಾತ್ರ. ಇದು ಒರಟುತನ ಅಲ್ಲ. ನಿನ್ನ ಹಕ್ಕು.”

“ಬಾಗಿಲಲ್ಲಿ ನಿಲ್ಲಿಸೋದಾ, ಮನೆಗೆ ಬಂದವರನ್ನ?”

“ಹೂಂ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಗುರುವಾರ ಜಡ್ಜಿನ ಮುಂದೆ ನಿನ್ನ ಮನೆ ಚೆನ್ನಾಗಿದೆ ಅಂತ ನೀನೇ ಬಾಯಿಬಿಟ್ಟು ಹೇಳಬೇಕು. ಎಲ್ಲಿ, ಈಗ ಹೇಳು. ‘ನನ್ನ ಮಕ್ಕಳು ಹೊಟ್ಟೆ ತುಂಬ ಉಣ್ತಾರೆ.’”

ಡೆಲ್ಫಿಯ ಕತ್ತು ಕೆಂಪಾಯಿತು. “ಏನೋ, ಸುಮಾರಾಗಿ…”

“ಸುಮಾರು ಬೇಡ.”

“ಹೆಂಗೋ ನಡೀತದೆ…”

“ಹೆಂಗೋ ಅನ್ನೋದನ್ನ ಅವರು ಬರ್ಕೋತಾರೆ. ಮತ್ತೆ ಹೇಳು.”

“ನನ್ನ ಮಕ್ಕಳು ಉಣ್ತಾರೆ.”

“ಹೊಟ್ಟೆ ತುಂಬ?”

ಡೆಲ್ಫಿ ಪಾದ ಅಳೆಯುವ ಕಬ್ಬಿಣದ ಪಟ್ಟಿಯನ್ನೇ ನೋಡುತ್ತ ಕೂತಳು. ಹದಿಮೂರು ವರ್ಷದವಳಿದ್ದಾಗ ಇದೇ ಅಂಗಡಿಯಲ್ಲಿ ಅಪ್ಪ ಅವಳಿಗೆ ಬೂಟು ಕೊಡಿಸಿದ್ದ. ಚೆನ್ನಾಗಿದೆಯಾ ಎಂದು ಅಂಗಡಿಯವನು ಕೇಳಿದಾಗ ಅವಳು ಪರವಾಗಿಲ್ಲ ಎಂದಿದ್ದಳು. ಅಷ್ಟು ಚೆನ್ನಾದ ಬೂಟು ಅವಳು ಅದಕ್ಕೆ ಮುಂಚೆ ಮುಟ್ಟಿಯೂ ಇರಲಿಲ್ಲ.

“ಹೊಟ್ಟೆ ತುಂಬ” ಎಂದಳು, ಬಹಳ ಸಣ್ಣ ದನಿಯಲ್ಲಿ.

“ನಾಳೆ ಬಾ. ಇನ್ನೂ ಸ್ವಲ್ಪ ಗಟ್ಟಿ ಮಾಡೋಣ.”

ಬುಧವಾರ ಮಧ್ಯಾಹ್ನ ಡೆಲ್ಫಿ ಪಟ್ಟಣದಿಂದ ವಾಪಸು ಬಂದು ಸೌದೆ ಒಡೆಯುತ್ತಿದ್ದಾಗ ಕೆಂಡ್ರಾಳ ಕಾರು ಬಂತು. ವಿಚಾರಣೆಗೆ ಮುಂಚೆ ಮನೆಯ ಒಳಗನ್ನು ಇನ್ನೊಮ್ಮೆ ನೋಡಬೇಕು, ಒಂದೆರಡು ಪ್ರಶ್ನೆಯಿದೆ ಎಂದಳು.

ಡೆಲ್ಫಿ ಕೊಡಲಿ ಕೆಳಗಿಟ್ಟು ಜಗುಲಿಯ ಮೇಲಿದ್ದ ತೂಗುಕುರ್ಚಿಯ ಧೂಳು ಒರೆಸಿದಳು. ಬೆನ್ನ ಹಿಂದೆ ಬಾಗಿಲನ್ನು ಎಳೆದು ಮುಚ್ಚಿದಳು.

“ಕೂತ್ಕೊಮ್ಮ.”

“ಒಳಗೆ ಹೋಗೋಣವಾ?”

“ಇಲ್ಲ. ಕೋರ್ಟಿನ ಆರ್ಡರು ತಂದಿದೀಯಾ?”

ಕೆಂಡ್ರಾ ತಂದಿರಲಿಲ್ಲ. “ನೀವು ಸಹಕರಿಸ್ತಿಲ್ಲ ಅಂತ ಬರೀಬೇಕಾಗತ್ತೆ.”

“ಬರಿ. ನನ್ನ ವಕೀಲರ ಹೆಸರು ಇಮೋಜೀನ್ ಟ್ಯಾಕೆಟ್ ಅಂತಾನೂ ಬರಿ. ಅವರಿಲ್ದೆ ಮಾತಿಲ್ಲ. ಕಾಫಿಗೆ ಸಕ್ಕರೆ ಎಷ್ಟು?”

ಕೆಂಡ್ರಾ ತೂಗುಕುರ್ಚಿಯಲ್ಲಿ ಕೂತು, “ಎರಡು ಚಮಚ” ಎಂದಳು.

ಡೆಲ್ಫಿ ಕಾಫಿ ತಂದಳು. ಇಬ್ಬರೂ ಜಗುಲಿಯ ಮೇಲೆ ಕೂತು ಕುಡಿದರು. ಡೆಲ್ಫಿ ಹವೆಯ ಬಗ್ಗೆಯೂ ಮಾತಾಡಲಿಲ್ಲ, ಅದನ್ನೂ ಬರೆದುಕೊಂಡರೆ ಏನಾಗುತ್ತದೋ ಯಾರಿಗೆ ಗೊತ್ತು. ಹಳ್ಳದ ಆಚೆ ಲೋರೀನ್ ಬಟ್ಟೆ ಒಣಹಾಕುತ್ತ ಇದನ್ನೆಲ್ಲ ನೋಡುತ್ತಿದ್ದಳು. ಕಾರು ಹೋದ ಮೇಲೆ ಅಲ್ಲಿಂದಲೇ ಕೂಗಿದಳು.

“ಏನೇ ಡೆಲ್ಫಿ, ಬಂದವಳನ್ನ ಹೊರಗೇ ಕೂರಿಸ್ದೆಯಲ್ಲೇ! ನಿಮ್ಮಮ್ಮ ಇದ್ದಿದ್ರೆ ಏನಂತಿದ್ಲು?”

“ಕಾಫಿ ಕೊಟ್ಟೆ ಅತ್ತೆ!”

“ಕೇಕು?”

“ಕೇಕು ಗೆದ್ದ ಮೇಲೆ!”

ಗುರುವಾರ ಒಂಬತ್ತು ಗಂಟೆಗೆ ಡೆಲ್ಫಿ ಚರ್ಚಿಗೆ ಹಾಕುವ ನೀಲಿ ಉಡುಪು ಹಾಕಿಕೊಂಡು ಕಾರಿಡಾರಿನಲ್ಲಿ ನಿಂತಿದ್ದಳು. ಇಲಾಖೆಯ ವಕೀಲ ಇಮೋಜೀನಳನ್ನು ಪಕ್ಕಕ್ಕೆ ಕರೆದು ಮಾತಾಡಿದ. ಇಮೋಜೀನ್ ಬಂದು ಇದ್ದದ್ದನ್ನು ಇದ್ದಹಾಗೆ ಹೇಳಿದಳು.

“ನೀನು ಮಕ್ಕಳನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಒಪ್ಕೊಂಡ್ರೆ ಅವರು ಲೋರೀನ್ ಮನೇಲೇ ಬಿಡ್ತಾರಂತೆ. ಮೂರು ತಿಂಗಳು ನೀನು ತಾಯ್ತನದ ಪಾಠಕ್ಕೆ ಹೋಗ್ಬೇಕು. ಆಮೇಲೆ ವಾಪಸು. ಒಪ್ಪಲಿಲ್ಲ ಅಂದ್ರೆ ಒಳಗೆ ಹೋಗಿ ಹೋರಾಡ್ಬೇಕು. ಸೋತ್ರೆ ಇವತ್ತು ಸಂಜೇನೇ ಎರಡು ಮನೆಗೆ ಕಳಿಸ್ತಾರೆ. ಗೆಲ್ತೀವಿ ಅಂತ ನಾನು ಮಾತು ಕೊಡಲ್ಲ.”

“ಒಪ್ಕೊಂಡ್ರೆ ನನ್ನ ಕೆಲಸ?”

“ಮಕ್ಕಳನ್ನ ಸರಿಯಾಗಿ ನೋಡ್ಕೊಳ್ಳದವರು ಅಂತ ಇಲಾಖೆ ಇಟ್ಟಿರೋ ಪಟ್ಟಿಗೆ ನಿನ್ನ ಹೆಸರು ಸೇರತ್ತೆ. ಆ ಪಟ್ಟೀಲಿ ಇರೋರು ಶಾಲೇಲಿ ಕೆಲಸ ಮಾಡೋ ಹಾಗಿಲ್ಲ.”

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಲೋರೀನಳ ಎರಡೂ ಪಕ್ಕ ಮಕ್ಕಳು ಕೂತಿದ್ದರು. ಆರ್ವಿಲ್‌ನ ಬೂಟಿನ ಲಾಡಿ ನೆಲದ ಮೇಲೆ ಎಳೆದಾಡುತ್ತಿತ್ತು. ಮೂರು ತಿಂಗಳು ಎಂದರೆ ಜನವರಿ. ಒಪ್ಪಿಕೊಂಡರೆ ಅವರು ಕಣ್ಣಿಗೆ ಕಾಣುವಷ್ಟು ದೂರದಲ್ಲಾದರೂ ಇರುತ್ತಾರೆ. ಹೂಂ ಎಂದುಬಿಡುವ ಆಸೆ ಡೆಲ್ಫಿಯ ಬಾಯಿಯವರೆಗೆ ಬಂತು.

“ಮೊನ್ನೆ ಮರ್ಯಾದೆಗೆ ಅಂತ ಸುಳ್ಳು ಹೇಳಿ ಇಲ್ಲಿಗೆ ಬಂದೆ” ಎಂದಳು ಕೊನೆಗೆ. “ಈಗ ಹೆದರಿಕೊಂಡು ಇನ್ನೊಂದು ಸುಳ್ಳು ಹೇಳಲ್ಲ. ಒಳಗೆ ನಡೀರಿ ಅಮ್ಮಾವ್ರೇ.”

ನ್ಯಾಯಾಧೀಶ ಕ್ವಿಲೆನ್ ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸದವರು. ಕೆಂಡ್ರಾ ಮೊದಲು ಸಾಕ್ಷಿ ಹೇಳಿದಳು. ಕಡತ ನೋಡಿಕೊಂಡು, ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಹೇಳಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಕೇಳಿಸಿಕೊಂಡದ್ದನ್ನೇ ಹೇಳುತ್ತಿದ್ದಳು. ಡೆಲ್ಫಿಗೆ ಅದಕ್ಕೇ ಭಯವಾಯಿತು. ತನ್ನ ಬಾಯಿಯ ಮಾತು ಇನ್ನೊಬ್ಬರ ಬಾಯಲ್ಲಿ ಅಷ್ಟು ಕೆಟ್ಟದಾಗಿ ಕೇಳಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಇಮೋಜೀನ್ ಎದ್ದಳು.

“ಮನೇಲಿ ತಿನ್ನೋಕೆ ಏನೂ ಇಲ್ಲ ಅಂತ ತಾಯಿ ಹೇಳಿದ್ರು, ಅಲ್ವೇನಮ್ಮ?”

“ಹೌದು.”

“ಹಾಗೆ ಹೇಳಿ ನಿಮ್ಮನ್ನ ಎಲ್ಲಿ ಕೂರಿಸಿದ್ರು?”

“ಊಟದ ಮೇಜಿನ ಹತ್ರ.”

“ಮೇಜಿನ ಮೇಲೆ ಏನಿತ್ತು?”

ಕೆಂಡ್ರಾ ಕಡತ ನೋಡಿದಳು. ಕಡತದಲ್ಲಿ ಅದು ಇರಲಿಲ್ಲ. “ಕಾಳು. ಜೋಳದ ಬ್ರೆಡ್ಡು.”

“ಅಷ್ಟೇನಾ?”

“ಆಲೂಗಡ್ಡೆ. ಉಪ್ಪಿನಕಾಯಿ. ಮಜ್ಜಿಗೆ.” ಸ್ವಲ್ಪ ತಡೆದು, “ಕೇಕು” ಎಂದಳು.

“ಎಷ್ಟು ತುಂಡು ತಿಂದ್ರಿ?”

ಇಲಾಖೆಯ ವಕೀಲ ಎದ್ದು ಆಕ್ಷೇಪಿಸಿದ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ, “ನನಗೂ ತಿಳ್ಕೋಬೇಕು, ಹೇಳಲಿ” ಎಂದರು.

“ಎರಡು.”

“ಏನೂ ಇಲ್ಲದ ಮನೇಲಿ” ಎಂದಳು ಇಮೋಜೀನ್. “ನೀವು ಬೀರು ತೆಗೆದು ನೋಡಿದ್ರಾ? ನೆಲಮಾಳಿಗೆಗೆ ಇಳಿದು ನೋಡಿದ್ರಾ?”

“ಇಲ್ಲ. ಅವರೇ ಹೇಳಿದ್ರಲ್ಲಾ.”

ಆಮೇಲೆ ಡೆಲ್ಫಿಯನ್ನು ಕರೆದರು. ಅವಳು ಪ್ರಮಾಣ ಮಾಡಿ ಕೂತಳು. ಇಮೋಜೀನ್ ಒಂದೇ ಪ್ರಶ್ನೆ ಕೇಳಿದಳು. “ನಿನ್ನ ಮನೆ ಹೇಗಿದೆ ಡೆಲ್ಫಿ?”

ಕೋಣೆಯಲ್ಲಿ ಯಾರೋ ಕೆಮ್ಮಿದರು. ಡೆಲ್ಫಿ ಎರಡು ಕೈಯಿಂದ ಕಟಕಟೆಯ ಅಂಚು ಹಿಡಿದುಕೊಂಡಳು. ಅವಳ ಕತ್ತು ಕಿವಿ ಎಲ್ಲ ಕೆಂಪಾಯಿತು.

“ನನ್ನ ಮನೆ ಶುದ್ಧವಾಗಿದೆ” ಎಂದಳು. ದನಿ ನಡುಗಿತು. ಇನ್ನೊಮ್ಮೆ ಹೇಳಿದಳು, ಈ ಸಲ ನಡುಗಲಿಲ್ಲ. “ನನ್ನ ಮನೆ ಶುದ್ಧವಾಗಿದೆ ಸ್ವಾಮಿ. ನೆಲಮಾಳಿಗೇಲಿ ನೂರ ಮೂವತ್ತು ಜಾಡಿ ಇದೆ, ಹುರುಳಿಕಾಯಿ, ಟೊಮ್ಯಾಟೊ, ಪೀಚು, ಎಲ್ಲ ನಾನೇ ಬೇಯಿಸಿ ಮುಚ್ಚಿದ್ದು. ಎರಡು ಮೂಟೆ ಆಲೂಗಡ್ಡೆ ಇದೆ. ನನ್ನ ಮಕ್ಕಳು ಹೊಟ್ಟೆ ತುಂಬ ಉಣ್ತಾರೆ. ನನ್ನ ಮಗಳು ತರಗತೀಲಿ ಎಲ್ಲರಿಗಿಂತ ಚೆನ್ನಾಗಿ ಓದ್ತಾಳೆ. ನನ್ನ ಅಡುಗೆ…” ಇಲ್ಲಿ ಅವಳು ನಿಂತಳು. ಲೋರೀನ್ ಕೂತಿದ್ದ ಕಡೆ ನೋಡಿದಳು. “ನನ್ನ ಅಡುಗೆ ಚೆನ್ನಾಗಿರತ್ತೆ.”

“ಮತ್ತೆ ಯಾಕಮ್ಮ ಹಾಗೆ ಹೇಳಿದೆ?” ನ್ಯಾಯಾಧೀಶರು ಕೇಳಿದರು.

“ನಿಮ್ಮ ಮನೇಲಿ ಬಂದವರಿಗೆ ಏನ್ ಹೇಳ್ತಾರೆ ಸ್ವಾಮಿ?”

ನ್ಯಾಯಾಧೀಶರ ಬಾಯಿಯ ಒಂದು ಕೊನೆ ಸ್ವಲ್ಪ ಮೇಲೆ ಹೋಯಿತು, ಮತ್ತೆ ಇಳಿಯಿತು.

ಇಲಾಖೆಯ ವಕೀಲ ಸುಮ್ಮನಿರಲಿಲ್ಲ. “ಹನ್ನೊಂದು ದಿನ ನೀರಿರಲಿಲ್ಲ ಅನ್ನೋದಂತೂ ನಿಜ ತಾನೆ? ಸಹಿ ಹಾಕಿದ ಒಪ್ಪಂದ ಮುರಿದದ್ದೂ ನಿಜ ತಾನೆ?”

“ಕಾಗದ ಓದ್ದೆ ಸಹಿ ಹಾಕಿದ್ದು ನನ್ನ ತಪ್ಪು. ಅದನ್ನ ಒಪ್ಕೋತೀನಿ, ಇನ್ನು ಯಾವತ್ತೂ ಹಾಕಲ್ಲ. ಆದ್ರೆ ನೀರು? ನೀರು ಬರದಿದ್ದದ್ದು ನನ್ನ ತಪ್ಪಾದ್ರೆ ಕಣಿವೇಲಿ ಹದಿನಾಲ್ಕು ಮನೆ ಇದೆ. ಎಲ್ಲಾ ಮಕ್ಕಳನ್ನೂ ತಗೊಂಡು ಹೋಗಿ. ಕಾರು ಸಾಲಲ್ಲ, ಬಸ್ಸು ಕಳಿಸಿ. ಕೊಳವೆ ರಿಪೇರಿ ಮಾಡಕ್ಕೆ ಹನ್ನೊಂದು ದಿನ ಒಬ್ಬರೂ ಬರ್ಲಿಲ್ಲ, ಮಕ್ಕಳನ್ನ ತಗೊಂಡು ಹೋಗಕ್ಕೆ ಸಹಿ ಹಾಕಿದ ಆರೇ ದಿನಕ್ಕೆ ಬಂದ್ರಿ. ಆ ಹನ್ನೊಂದು ದಿನವೂ ನನ್ನ ಮಕ್ಕಳು ಬಿಸಿನೀರಲ್ಲಿ ಸ್ನಾನ ಮಾಡಿದಾರೆ. ಆ ನೀರನ್ನ ನಾನು ಈ ಬೆನ್ನಮೇಲೆ ಹೊತ್ತಿದೀನಿ.”

ಇಮೋಜೀನ್ ಮೆಲ್ಲಗೆ, “ಸಾಕು” ಎಂದಳು. ಡೆಲ್ಫಿ ಬಾಯಿ ಮುಚ್ಚಿದಳು, ಆದರೆ ತಲೆ ತಗ್ಗಿಸಲಿಲ್ಲ.

ಮಕ್ಕಳನ್ನು ಬೇರೆ ಕಡೆ ಇಡಲು ಯಾವ ಕಾರಣವೂ ಕಾಣುವುದಿಲ್ಲ, ಇವತ್ತೇ ತಾಯಿಯ ಮನೆಗೆ ಹೋಗಲಿ ಎಂದು ನ್ಯಾಯಾಧೀಶರು ಹೇಳಿದರು. ಆದರೆ ಅರ್ಜಿಯನ್ನು ಅಲ್ಲಿಗೇ ಮುಗಿಸಲಿಲ್ಲ. ಕೆಂಡ್ರಾ ಇನ್ನೊಮ್ಮೆ ಹೋಗಿ ನೆಲಮಾಳಿಗೆ ಸಮೇತ ನೋಡಿ ವರದಿ ಕೊಡಲಿ, ಆಗ ವಕೀಲರೂ ಜೊತೆಗಿರಲಿ ಎಂದರು. ಕಾರಿಡಾರಿನಲ್ಲಿ ಡೆಲ್ಫಿ ಮೊದಲು ಮಾಡಿದ ಕೆಲಸವೆಂದರೆ ಮಂಡಿಯೂರಿ ಆರ್ವಿಲ್‌ನ ಲಾಡಿ ಕಟ್ಟಿದ್ದು. ಎರಡು ಗಂಟು ಹಾಕಿದಳು.

ಮುಂದಿನ ವಾರ ಕೆಂಡ್ರಾ ಮತ್ತು ಇಮೋಜೀನ್ ಒಂದೇ ಹೊತ್ತಿಗೆ ಬಂದರು. ಈ ಸಲ ನ್ಯಾಯಾಲಯದ ಆದೇಶವಿತ್ತು. ಡೆಲ್ಫಿ ಜಗುಲಿಯ ಮೇಲೆಯೇ ನಿಂತು ಅದನ್ನು ಮೊದಲಿನಿಂದ ಕೊನೆಯವರೆಗೆ, ಸಾಲುಸಾಲು, ಬೆರಳಿಟ್ಟು ಓದಿದಳು. ಕೆಂಡ್ರಾ ಕಾದಳು. ಆಮೇಲೆ ಬಾಗಿಲು ತೆರೆಯಿತು.

ಕೆಂಡ್ರಾ ನೆಲಮಾಳಿಗೆಗೆ ಇಳಿದು ಜಾಡಿಗಳನ್ನು ಎಣಿಸಿದಳು. ಮೇಲೆ ಬಂದು, “ನೂರ ಇಪ್ಪತ್ತೇಳು” ಎಂದಳು.

“ಮೂರು ತಿಂದಿದೀವಿ. ಬರ್ಕೊ.”

“ಬರ್ಕೊಂಡೆ.” ಅವಳು ಪೆನ್ನು ಮುಚ್ಚಿ ಬಾಗಿಲ ಹತ್ತಿರ ನಿಂತಳು. “ನನಗೆ ಗೊತ್ತಿರ್ಲಿಲ್ಲ. ಇಲ್ಲಿ ಹಾಗೆ ಹೇಳ್ತಾರೆ ಅಂತ.”

“ಕೇಳಬಹುದಿತ್ತು” ಎಂದಳು ಡೆಲ್ಫಿ. ಅವಳ ದನಿಯಲ್ಲಿ ಕ್ಷಮೆ ಇರಲಿಲ್ಲ. ಆದರೂ ಕಾಗದದಲ್ಲಿ ಸುತ್ತಿದ ಕೇಕಿನ ತುಂಡೊಂದನ್ನು ಅವಳ ಕೈಗಿಟ್ಟಳು. “ತಗೊ. ಚೆನ್ನಾಗಿದೆ. ಇದನ್ನೂ ಬರ್ಕೊ.”

ಆರು ವಾರದ ಮೇಲೆ ಅರ್ಜಿ ವಜಾ ಆಯಿತೆಂಬ ಕಾಗದ ಅಂಚೆಯಲ್ಲಿ ಬಂತು. ಡೆಲ್ಫಿ ಅದನ್ನೂ ಎರಡು ಸಲ ಓದಿ, ಗುಲಾಬಿ ಪ್ರತಿಯ ಜೊತೆ ಬೈಬಲ್ಲಿನೊಳಗೆ ಇಟ್ಟಳು. ಅಂದು ಸಂಜೆ ಊಟದ ಹೊತ್ತಿಗೆ ಲೋರೀನ್ ಹಳ್ಳ ದಾಟಿ ಬಂದು, ಬಾಗಿಲು ತಟ್ಟದೆ ಒಳಗೆ ಬಂದಳು.

“ಬಾ ಅತ್ತೆ” ಎಂದಳು ಡೆಲ್ಫಿ ಒಲೆಯ ಕಡೆಯಿಂದ ತಿರುಗದೆ. “ಊಟಕ್ಕೆ ಏನೂ ಇಲ್ಲ ಇವತ್ತು. ಮನೆ ನೋಡಿದ್ರೆ ಹಂದಿಗೂಡು…”

“ಅಮ್ಮಾ!” ಜೂನಿ ಕುರ್ಚಿಯಿಂದ ಎದ್ದುಬಿಟ್ಟಳು. ಅವಳ ಮುಖ ಬಿಳಿಚಿತ್ತು. ಓಡಿಹೋಗಿ ಕಿಟಕಿಯಿಂದ ರಸ್ತೆ ನೋಡಿದಳು. “ಹಂಗನ್ಬೇಡಮ್ಮ. ಯಾರಾದ್ರೂ ಬರ್ಕೊಂಡ್ರೆ?”

ಡೆಲ್ಫಿ ಸೌಟು ಕೆಳಗಿಟ್ಟಳು. ಮಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅವಳ ಕೈಹಿಡಿದು ಜಗುಲಿಗೆ ಕರೆದುಕೊಂಡು ಹೋದಳು. ಇನ್ನೂ ಬೆಳಕಿತ್ತು. ಮೇಲಿನ ಮನೆಯವರು ಹಸು ಹೊಡೆದುಕೊಂಡು ಬರುತ್ತಿದ್ದರು, ಕೆಳಗಿನ ಮನೆಯವನು ಲಾರಿಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಡೆಲ್ಫಿ ಬಾಯಿಯ ಸುತ್ತ ಎರಡು ಕೈ ಹಿ​ಡಿದು, ಹದಿನಾಲ್ಕು ಮನೆಗೂ ಕೇಳುವ ಹಾಗೆ ಕೂಗಿದಳು.

“ಡೆಲ್ಫಿ ನೇಪಿಯರ್ ಮನೇಲಿ ಊಟ ಇದೆ! ಬೇಕಾದಷ್ಟಿದೆ! ಚೆನ್ನಾಗಿದೆ!”

ಲಾರಿಯ ಕೆಳಗಿದ್ದವನು ತಲೆ ಹೊರಗೆ ಹಾಕಿದ. “ಏನೇ ಡೆಲ್ಫಿ, ತಲೆ ಕೆಟ್ಟಿದೆಯಾ?”

“ಬಂದು ತಿಂದು ನೋಡೋ!”

ಜೂನಿ ಅಮ್ಮನ ಸೊಂಟಕ್ಕೆ ಮುಖ ಒತ್ತಿಕೊಂಡು ನಗುತ್ತಿದ್ದಳು, ನಾಚಿಕೆಯಿಂದ. ಒಳಗಿನಿಂದ ಲೋರೀನ್, ಕಾಳು ತಳಹಿಡಿಯುತ್ತಿದೆ ಬಾರೇ ಎಂದು ಕೂಗಿದಳು. ಲಾರಿಯವನು ಕೈಯೊರೆಸಿಕೊಂಡು ದಿಣ್ಣೆ ಹತ್ತತೊಡಗಿದ್ದ. ಡೆಲ್ಫಿ ಮಗಳಿಗೆ ಇನ್ನೊಂದು ತಟ್ಟೆ ಇಡಲು ಹೇಳಿದಳು.